ಮಡಿಕೆ ಬಿಡಿಸದ ಪ್ರತಿ

ಪತ್ರಿಕೆಯ ಹಾಳೆಯೊಂದನ್ನು ಮಡಿಸಿ, ಮಡಿಕೆಯೊಳಗೆ ಚಾಕು ತೂರಿಸಿ, ಕರಡು ಮೇಷ್ಟರು ಮೆಲ್ಲಗೆ ಎಳೆದರು. ಸರ್ರೆಂದು ಸದ್ದಾಯಿತು. ಎದುರಿನ ಕುರ್ಚಿಯಲ್ಲಿದ್ದ ಹೆಂಗಸು ತಲೆಯನ್ನು ತುಸು ವಾಲಿಸಿ, ಆ ಸದ್ದು ಪೂರ್ತಿ ಮುಗಿಯುವವರೆಗೂ ಕಾದಳು.

"ಅಪ್ಪನ ಕಾಲದ ಪ್ರೆಸ್ಸಿನೋರಿಗೆ ದೊಡ್ಡ ನಮಸ್ಕಾರ," ಎಂದಳು. "ಹಾಳೆ ಮಡಿಚಿ, ಅಂಚು ಕತ್ತರಿಸದೆ ಹಾಗೇ ಹೊಲಿದು ಕೊಟ್ಟುಬಿಡೋರು. ಓದೋನು ಮೊದಲು ದರ್ಜಿ ಕೆಲಸ ಕಲೀಬೇಕು."

"ಆಗ ಹಾಗೇ ಇತ್ತು ಮೇಡಂ."

ಮೇಷ್ಟರು ಚಾಕುವನ್ನು ಸದ್ದಾಗುವಂತೆ ಮೇಜಿನ ಮೇಲಿಟ್ಟು ಓದತೊಡಗಿದರು. ಅವರ ಕೈಯಲ್ಲಿದ್ದದ್ದು ಯಾವ ಹಳೇ ಪುಸ್ತಕದಂಗಡಿಯಲ್ಲಾದರೂ ಸಿಗುವ ಮರುಮುದ್ರಣ. ಅಸಲು ಪುಸ್ತಕ ಅವರ ತೊಡೆಯ ಮೇಲೆ, ಒಗೆದ ಟವೆಲಿನ ಮೇಲೆ, ಒಂದು ಮಡಿಕೆಯೂ ಬಿಚ್ಚದೆ ಮಲಗಿತ್ತು. ಆಕೆಗೆ ಈಗ ಕಾಣುತ್ತಿದ್ದದ್ದು ಕಿಟಕಿಯ ಬೆಳಕೊಂದೇ, ಅದೂ ಮಸುಕಾದ ಒಂದು ಚೌಕದ ಹಾಗೆ.

ಮೇಷ್ಟರು ನಿಜವಾಗಿ ಮೇಷ್ಟರಲ್ಲ. ಮೂವತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಹೆಸರಿಟ್ಟವನು ಹಳೇ ಪುಸ್ತಕದಂಗಡಿಯವನು. ಅವರ ಎರಡು ಕೋಣೆಯ ಮನೆಯಲ್ಲಿ, ಬಿಸಿಲು ತಾಗದ ಗೋಡೆಗೆ ಒಂದು ಗಾಜಿನ ಬೀರು. ಅದರಲ್ಲಿ ಒಬ್ಬನೇ ಕಾದಂಬರಿಕಾರನ ಎಂಟು ಪುಸ್ತಕಗಳು, ಎಲ್ಲವೂ ಮೊದಲ ಮುದ್ರಣ. ಆತ ಸತ್ತು ನಲವತ್ತು ವರ್ಷವಾಗಿತ್ತು; ಓದುವವರು ಯಾರೂ ಉಳಿದಿರಲಿಲ್ಲ. ಆತನ ಮೊದಲ ಕಾದಂಬರಿ ಅಚ್ಚಾದದ್ದು ಮುನ್ನೂರು ಪ್ರತಿ. ಅದೊಂದು ಬಂದಿದ್ದರೆ ಬೀರು ತುಂಬುತ್ತಿತ್ತು.

"ಒಳಗಿರೋ ಅಕ್ಷರ ಅದೇ ಅಲ್ವಾ ಮೇಷ್ಟ್ರೇ?" ಎಂದು ಅಂಗಡಿಯವನು ಛೇಡಿಸುತ್ತಿದ್ದ. "ಮರುಮುದ್ರಣ ಹತ್ತು ಬಿದ್ದಿವೆ, ಒಂದು ಎತ್ಕೊಂಡು ಹೋಗಿ, ಪುಣ್ಯ ಬರ್ಲಿ."

"ಅದೇ ಅಲ್ಲ," ಎನ್ನುತ್ತಿದ್ದರು ಮೇಷ್ಟರು. "ಮನುಷ್ಯ ಮೊದಲು ಏನು ಹೇಳಿದ ಅನ್ನೋದು ಮೊದಲನೇ ಮುದ್ರಣದಲ್ಲಿ ಮಾತ್ರ ಇರುತ್ತೆ. ಆಮೇಲೆ ಎಲ್ರೂ ಜಾಣರಾಗಿಬಿಡ್ತಾರೆ."

ಕಾದಂಬರಿಕಾರನ ಮಗಳು ಇನ್ನೂ ಇದ್ದಾಳೆ, ಆಕೆಯ ಬಳಿ ಒಂದು ಪ್ರತಿ ಇದೆ ಎಂಬ ಸುದ್ದಿ ತಂದವನೂ ಅವನೇ. ಮೂರನೇ ಮಹಡಿಯ ಮನೆ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು, ಒಂಟಿ. ಮೊದಲ ದಿನ ಪುಸ್ತಕವನ್ನು ಕೈಗಿಟ್ಟು, "ಹಣ ಬೇಡ. ನನಗೆ ಒಂದು ಸಲ ಮೊದಲಿಂದ ಕೊನೇವರೆಗೆ ಓದಿ ಹೇಳಿ. ಆಮೇಲೆ ಪುಸ್ತಕ ನಿಮ್ದು," ಎಂದಿದ್ದಳು.

ಮೇಷ್ಟರು ರಟ್ಟು ತೆರೆದು ನೋಡಿದರು. ಒಳಗೆ ನೀಲಿ ಶಾಯಿಯಲ್ಲಿ ಕಾದಂಬರಿಕಾರನ ಕೈಬರಹ: 'ನಿನಗೆ. ಓದಿದ ಮೇಲೆ ಮಾತಾಡೋಣ.'

"ಅಮ್ಮನಿಗೆ ಕೊಟ್ಟಿದ್ದು," ಎಂದಳು ಆಕೆ. "ಅಮ್ಮ ಒಂದು ಹಾಳೇನೂ ಕತ್ತರಿಸಲಿಲ್ಲ. ಹಾಗೇ ಸೀರೆ ಕೆಳಗೆ ಇಟ್ಟುಬಿಟ್ಟರು. ಒಂದೇ ಮನೇಲಿ ಇದ್ರು ಇಬ್ರೂ. ನಡುವೆ ನಾನೇ ಆಪರೇಟರು. ಅಪ್ಪ ಊಟಕ್ಕೆ ಬರ್ತಾರಂತೆ, ಅಮ್ಮ ಬಡಿಸಿದ್ದಾರಂತೆ, ಇಷ್ಟೇ."

ಮೇಷ್ಟರು ರಟ್ಟನ್ನು ಮೆಲ್ಲಗೆ ಮುಚ್ಚಿದರು. ಹೆಂಡತಿಗೆಂದು ಬರೆದುಕೊಟ್ಟ, ಹೆಂಡತಿ ಬಿಡಿಸದ ಪ್ರತಿ. ಇಂಥದ್ದು ಎರಡನೆಯದು ಇರಲಾರದು. ಚಾಕು ಹಾಕಿದರೆ ಇದೂ ಎಲ್ಲದರಂತೆ ಒಂದು ಪುಸ್ತಕ. ಆ ಸಂಜೆ, ಪತ್ರಿಕೆ ಕತ್ತರಿಸಿ ಸದ್ದು ಮಾಡಿ ಮರುಮುದ್ರಣ ಓದಿಬಿಡುವ ಉಪಾಯ ಹೊಳೆಯಿತು. ಮನೆಗೆ ಒಯ್ದು ಪುಟ ಎಣಿಸಿದಾಗ ಮಾತ್ರ ಕೊಂಚ ಕಸಿವಿಸಿಯಾಯಿತು. ಮರುಮುದ್ರಣಕ್ಕಿಂತ ಇದರಲ್ಲಿ ಸರಿಯಾಗಿ ಹದಿನಾರು ಪುಟ ಹೆಚ್ಚು; ಅಂದರೆ ಅಚ್ಚಿನ ಲೆಕ್ಕದಲ್ಲಿ ಒಂದು ಫಾರಂ. ಅಕ್ಷರ ದೊಡ್ಡದಿರಬಹುದು ಎಂದುಕೊಂಡರು. ಅಳತೆಗೋಲು ಮೇಜಿನ ಮೇಲೇ ಇತ್ತು. ಅಳೆಯಲಿಲ್ಲ.

ಮೂರು ಗಂಟೆಗೆ ಹೋಗುವುದು, ಐದಕ್ಕೆ ಏಳುವುದು. ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಒಯ್ಯುತ್ತಿದ್ದರು, ಹಾಗೇ ತರುತ್ತಿದ್ದರು. ನಾಲ್ಕನೆಯ ದಿನದಿಂದ ಮೇಷ್ಟರು ದಿನಾ ಗಡ್ಡ ಹೆರೆಯತೊಡಗಿದರು. ನೋಡುವವರಿಲ್ಲ ಎಂಬುದು ಎರಡು ದಿನ ಬಿಟ್ಟು ಹೊಳೆದು ತಮ್ಮಷ್ಟಕ್ಕೆ ನಕ್ಕರು. ಆಕೆ ಲೋಟ ಮುಟ್ಟಿ ಮುಟ್ಟಿ ಚಹಾ ಬಗ್ಗಿಸುತ್ತಿದ್ದಳು, ತೋರುಬೆರಳನ್ನು ಅಂಚಿಗಿಟ್ಟು, ಬಿಸಿ ತಾಗಿದೊಡನೆ ನಿಲ್ಲಿಸುತ್ತಿದ್ದಳು. ಒಮ್ಮೊಮ್ಮೆ ಓದಿನ ನಡುವೆ, "ನೀವು ಅಲ್ಪವಿರಾಮಕ್ಕೂ ಉಸಿರು ತಗೋತೀರಿ. ಕರಡು ತಿದ್ದಿದೋರ ಜತೆ ಬದುಕೋದು ಕಷ್ಟ ಇರಬೇಕು," ಎನ್ನುತ್ತಿದ್ದಳು. "ಯಾರೂ ಪ್ರಯತ್ನ ಮಾಡಿ ನೋಡಿಲ್ಲ," ಎಂದಿದ್ದರು ಇವರು. ಭಾನುವಾರ ಓದು ಇರಲಿಲ್ಲ. ಆ ದಿನ ಮೇಷ್ಟರು ಬೀರುವಿನ ಗಾಜು ಎರಡೆರಡು ಸಲ ಒರೆಸಿದರು.

ಹನ್ನೆರಡನೆಯ ದಿನ ಕೊನೆಯ ಸಾಲು ಬಂತು. ಮೇಷ್ಟರು ಓದಿ, ಮರುಮುದ್ರಣವನ್ನು ಸದ್ದಿಲ್ಲದೆ ಚೀಲಕ್ಕೆ ಸೇರಿಸಿ, ಕನ್ನಡಕ ತೆಗೆದರು. ಕೆಳಗೆ ಬೀದಿಯಲ್ಲಿ ಯಾರೋ ಷಟರ್ ಎಳೆದರು.

"ಮುಗೀತು ಮೇಡಂ."

"ಗೊತ್ತು," ಎಂದಳು ಆಕೆ. "ಈ ಮರುಮುದ್ರಣ ನಾನು ಕಾಲೇಜಲ್ಲಿ ಎರಡು ಸಲ ಓದಿದ್ದೀನಿ."

ಮೇಷ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಅಮ್ಮ ತೀರಿಹೋದ ವರ್ಷ ಅಪ್ಪ ಅದನ್ನ ತಿದ್ದಿ ಮತ್ತೆ ಅಚ್ಚು ಮಾಡ್ಸಿದ್ರು. ಒಂದು ಭಾಗ ತೆಗೆದೇಬಿಟ್ರು. ಏನು ತೆಗೆದ್ರಿ ಅಂತ ಕೇಳಿದ್ದಕ್ಕೆ, ಕೇಳಿಸ್ಕೋಬೇಕಾದವಳು ಕೇಳಿಸ್ಕೊಳ್ಲಿಲ್ಲ, ನಿನಗ್ಯಾಕೆ ಅಂದ್ರು. ಕಣ್ಣಿದ್ದಾಗ ನಂಗೂ ಕತ್ತರಿಸೋ ಧೈರ್ಯ ಬರ್ಲಿಲ್ಲ. ಅಮ್ಮ ಬಿಟ್ಟಿದ್ದನ್ನ ನಾನು ಹೇಗೆ ಬಿಚ್ಚೋದು?"

"ನಿಮಗೆ ಯಾವಾಗ..."

"ಮೊದಲನೇ ದಿನಾನೇ. ಮೂವತ್ತು ವರ್ಷ ಕಿವೀಲೇ ಅನ್ನ ತಿಂದಿದ್ದೀನಿ ಮೇಷ್ಟ್ರೇ. ಪತ್ರಿಕೆ ಕಾಗದ ಯಾವುದು, ಹಳೇ ಗಟ್ಟಿ ಕಾಗದ ಯಾವುದು ಗೊತ್ತಾಗಲ್ವಾ?"

"ಮತ್ಯಾಕೆ ಸುಮ್ನಿದ್ರಿ?"

ಆಕೆ ಮೇಜಿನ ಮೇಲೆ ಕೈಯಾಡಿಸಿ, ಬಿದ್ದಿದ್ದ ಪತ್ರಿಕೆಯ ತುಂಡುಗಳನ್ನು ಒಂದೊಂದಾಗಿ ಕೂಡಿಸಿದಳು.

"ಹೇಳಿದ್ರೆ ನೀವು ಮಾರನೇ ದಿನ ಬರ್ತಿದ್ರಾ?"

ಕಾಗದದ ಕಂತೆಯನ್ನು ಮುದುರಿ ಮಡಿಲಲ್ಲಿಟ್ಟುಕೊಂಡು ಆಕೆ ಎದ್ದಳು. "ಪುಸ್ತಕ ತಗೊಂಡು ಹೋಗಿ. ಕೊಡ್ತೀನಿ ಅಂದಿದ್ದೆ, ಕೊಟ್ಟಿದ್ದೀನಿ."

"ನಾಳೆ ಬಂದು ನಿಜವಾಗಿ..."

"ಬೇಡ. ಪಾಪ ಅನ್ನಿಸಿ ಬರೋರು ನಂಗೆ ಬೇಡ. ಮೆಟ್ಟಿಲ ದೀಪದ ಸ್ವಿಚ್ಚು ಎಡಕ್ಕಿದೆ."

ಬಾಗಿಲು ಮುಚ್ಚಿತು. ಒಳಗಿಂದ ಚಿಲಕದ ಸದ್ದು ಬಂತು.

ಮೇಷ್ಟರು ಮೊದಲನೇ ತಿರುವಿನವರೆಗೆ ಇಳಿದರು. ಟವೆಲಿನೊಳಗಿನ ಪುಸ್ತಕ ಅಷ್ಟೇನೂ ಭಾರವಿರಲಿಲ್ಲ. ಮನೆ, ಬೀರು, ಗಾಜಿನ ಹಿಂದಿನ ಖಾಲಿ ಜಾಗ ಎಲ್ಲ ಕಣ್ಣಿಗೆ ಕಟ್ಟಿತು. ಇಟ್ಟರೆ ಸರಿಯಾಗಿ ಕೂರುತ್ತದೆ. ಅಂಗಡಿಯವನನ್ನು ಕರೆದು ತೋರಿಸಬಹುದು. ಅವನು ಹತ್ತು ನಿಮಿಷ ನಿಂತು, ಹುಬ್ಬೇರಿಸಿ, ಹೋಗುತ್ತಾನೆ. ಆಮೇಲೆ ಸೋಮವಾರ ಮೂರು ಗಂಟೆಯಾಗುತ್ತದೆ.

ಅವರು ಮತ್ತೆ ಮೇಲೆ ಹತ್ತಿದರು. ಬಾಗಿಲು ಬಡಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಬಡಿದು ಏನೆಂದು ಹೇಳುವುದು? ತಿರುಗಿ, ಬಾಗಿಲಿಗೆ ಬೆನ್ನು ಕೊಟ್ಟು, ಮೇಲಿನ ಮೆಟ್ಟಿಲ ಮೇಲೆ ಕುಳಿತರು. ಕಾಲು ತಾಸು ಹಾಗೇ ಕುಳಿತಿದ್ದರು. ಎರಡನೇ ಮಹಡಿಯ ಹೆಂಗಸೊಬ್ಬಳು ಕಸದ ಬುಟ್ಟಿ ಹಿಡಿದು ಹೊರಬಂದವಳು ತಲೆಯೆತ್ತಿ ನೋಡಿ, "ಯಾರು ಬೇಕಿತ್ತು?" ಎಂದಳು. "ಇಲ್ಲೇ," ಎಂದರು ಮೇಷ್ಟರು. ಅವಳು ಒಳಗೆ ಹೋದಳು.

ಮೇಷ್ಟರು ಟವೆಲು ಬಿಚ್ಚಿದರು. ಮೊದಲ ಪುಟವನ್ನು ಹಾಗೇ ಓದಬಹುದಿತ್ತು. ಅದರ ಹಿಂಬದಿಯ ಪುಟ ಮಡಿಕೆಯೊಳಗಿತ್ತು. ಅವರ ಬಳಿ ಚಾಕು ಇರಲಿಲ್ಲ. ತೋರುಬೆರಳನ್ನು ಮಡಿಕೆಯೊಳಗೆ ತೂರಿಸಿದರು. ಕಾಗದ ತಣ್ಣಗಿತ್ತು. ಕಣ್ಣು ಮುಚ್ಚಿಕೊಂಡು ಎಳೆದರು. ಹಾಳೆ ನೇರವಾಗಿ ಬಿಡಿಸಿಕೊಳ್ಳಲಿಲ್ಲ. ಅರ್ಧದಲ್ಲಿ ಒಳಕ್ಕೆ ವಾಲಿ, ಅಂಚಿನ ಒಂದು ಚೂರನ್ನೂ ಕಿತ್ತುಕೊಂಡು, ಒರಟಾಗಿ, ದಪ್ಪ ದನಿಯಲ್ಲಿ ಹರಿಯಿತು. ಮೂರು ಮಹಡಿಯ ಮೆಟ್ಟಿಲ ಗೋಡೆಗಳಲ್ಲಿ ಆ ಸದ್ದು ಕೆಳಗಿನವರೆಗೂ ಇಳಿದು ಹೋಯಿತು. ಬಿಳಿಯ ನಾರು ಅವರ ಪ್ಯಾಂಟಿನ ಮೇಲೆ ಉದುರಿತು.

ಅವರು ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನಿಂದ ಓದತೊಡಗಿದರು, ತುಸು ಗಟ್ಟಿಯಾಗಿ, ಅಲ್ಪವಿರಾಮಕ್ಕೆ ಉಸಿರು ತೆಗೆದುಕೊಳ್ಳದೆ. ಎರಡನೆಯ ಪುಟದ ನಡುವಿಗೆ ಬರುವಾಗ ಒಳಗೆ ಕುರ್ಚಿಯೊಂದನ್ನು ನೆಲದ ಮೇಲೆ ಎಳೆದುಕೊಂಡು ಬರುವ ಸದ್ದು ಕೇಳಿಸಿತು. ಹತ್ತಿರ ಬಂದು ನಿಂತಿತು. ಬಾಗಿಲ ಕೆಳಗಿನ ಸಂದಿಯಿಂದ ಹೊರಬೀಳುತ್ತಿದ್ದ ಬೆಳಕಿನ ಗೆರೆಯಲ್ಲಿ ಎರಡು ಪಾದಗಳಷ್ಟು ಅಗಲ ಕಪ್ಪಾಯಿತು.

ಮೇಷ್ಟರು ಮುಂದಿನ ಮಡಿಕೆಗೆ ಬೆರಳು ಹಾಕಿದರು.