ಸ್ವೀಡನ್ ಗಸಿ

ಅಡಿಗೆಮನೆಯಲ್ಲಿ ಸುಪ್ರೀತಾ ಫ್ರಿಜ್ಜಿನ ಬಾಗಿಲು ತೆರೆದ ಸದ್ದಿಗೆ, ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದ ಚಂದ್ರಮತಿ ತಟ್ಟನೆ ಕತ್ತೆತ್ತಿದಳು.

"ಅತ್ತಿಗೆ, ಸಾವಾದ ಮನೆಯಲ್ಲಿ ಮೊದಲೇ ಮಾಡಿಟ್ಟ ಅಡಿಗೆ ಇಡಬಾರದಲ್ಲ. ಎಲ್ಲ ನಾನೇ ಖಾಲಿ ಮಾಡ್ತೇನೆ, ನೀವು ಏಳುವುದು ಬೇಡ."

ಅಣ್ಣ ಸತ್ತ ಸುದ್ದಿಗೆ ಅಬುಧಾಬಿಯಿಂದ ಅಳುತ್ತಲೇ ಬಂದ ನಾದಿನಿ. ಕೈಗೊಂದು ಕೆಲಸವಿಲ್ಲದಿದ್ದರೆ ಕುಸಿದುಬಿಡುವ ಜಾತಿ. ಮಗ ತಿಲಕ್ ತಂದೆಯನ್ನು ಶವಾಗಾರದಿಂದ ನೇರ ಸ್ಮಶಾನಕ್ಕೆ ಒಯ್ದಿದ್ದ. ಬರ್ ದುಬೈಯ ಆ ಫ್ಲ್ಯಾಟಿನಲ್ಲಿ ಹೆಂಗಸರು ಮಾತ್ರ ಇದ್ದರು.

ಫ್ರಿಜ್ಜಿನೊಳಗೆ ಮೇಲಿನ ಅರೆಯಲ್ಲಿ ಒಂದು ಬಿಳಿ ಡಬ್ಬಿ ಇತ್ತು. ಎಲ್ಲರೂ ಹೋದ ಮೇಲೆ ಅದರಿಂದ ಒಂದು ತುತ್ತು ತಿನ್ನಬೇಕೆಂದು ಚಂದ್ರಮತಿ ಬೆಳಗಿನಿಂದ ಕಾಯುತ್ತಿದ್ದಳು.

*

ಚಂದ್ರಮತಿಯ ಗಂಡ ಸರ್ವೋತ್ತಮ ದುಬೈಯಲ್ಲಿದ್ದ ಸ್ವೀಡನ್ನಿನ ಸಂಸಾರವೊಂದರ ಅಡಿಗೆಯವನಾಗಿದ್ದ. ಸಾಸೇಜು ಹೆಚ್ಚಿ, ಈರುಳ್ಳಿಯೊಡನೆ ಹುರಿದು, ಟೊಮೆಟೊ, ಕ್ರೀಮು ಹಾಕಿ ಅವನು ಗಸಿಯ ಹಾಗೆ ಗಟ್ಟಿಯಾಗಿ ಕುದಿಸುವ ಕೊರ್ವ್ ಸ್ಟ್ರೊಗನಾಫಿಗೆ ಆ ಮನೆಯ ಮಕ್ಕಳು ತಟ್ಟೆ ನೆಕ್ಕುತ್ತಿದ್ದರು. ಹೆಂಡತಿಯ ಬಾಯಿಗೆ ಮಾತ್ರ ಅದು ಹೋದದ್ದಿಲ್ಲ.

"ಕೋಳಿಯದ್ದೇ ಸಾಸೇಜು ಮಾರಾಯ್ತಿ. ಅನ್ನಕ್ಕೇ ಕಲಸಿ ತಿನ್ನುವುದು," ಎಂದಿದ್ದ ಅವನು, ಆ ಕೊನೆಯ ಸಂಜೆ ಮನೆಯಲ್ಲೂ ಅದನ್ನು ಮಾಡಿ.

"ಟೊಮೆಟೊಗೆ ಕೆನೆ ಯಾರಾದ್ರೂ ಹಾಕ್ತಾರಾ? ನಿಮ್ಮ ಸ್ವೀಡನ್ ಗಸಿ ನೀವೇ ತಿನ್ನಿ."

"ಉಪ್ಪು ಸರಿ ಉಂಟಾ ಅಂತಾದ್ರೂ ಹೇಳು."

"ನಾಳೆ ಹೇಳ್ತೇನೆ. ಇವತ್ತು ಮೀನುಸಾರು ಉಂಟು."

ಅವನು ನಕ್ಕು, ಬಿಳಿ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ಎತ್ತಿಟ್ಟ. ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

*

"ಈ ಬಿಳಿ ಡಬ್ಬಿಯಲ್ಲಿ ಎಂತ, ಅತ್ತಿಗೆ?"

ಚಂದ್ರಮತಿ ಬಾಯಿ ತೆರೆದಳು. ಅತ್ತ ಗಂಡನ ಚಿತೆ ಉರಿಯುವಾಗ ಇತ್ತ ಹೆಂಡತಿಗೆ ಸಾಸೇಜು ಬೇಕಂತೆ ಎಂದರೆ ಕೇಳಿದವರು ಏನಂದಾರು? ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕದ ಮನೆಯ ರೊಸಲಿನ್ ಬಾಯಿ ಅವಳ ಕೈ ಹಿಡಿದುಕೊಂಡರು. "ನಿಮಗೆ ಎಂತಾದ್ರೂ ತಿನ್ನಬೇಕು ಅನಿಸಿದ್ರೆ ಹೇಳಿ ಆಯ್ತಾ."

"ಬೇಡ, ಏನೂ ಬೇಡ."

ಒಳಗೆ ನಲ್ಲಿ ಸುರಿಯತೊಡಗಿತು. ಅದು ನಿಲ್ಲುವವರೆಗೂ ಅವಳು ಕೂತೇ ಇದ್ದಳು.

ತಿಲಕ್ ಎಲ್ಲ ಮುಗಿಯಿತೆಂದು ಫೋನ್ ಮಾಡಿದ ಮೇಲೆ ಅವಳು ಮಿಂದು ಬಂದಳು. ರೊಸಲಿನ್ ಬಾಯಿ ತಮ್ಮ ಮನೆಯಿಂದ ಗಂಜಿ ತಂದಿದ್ದರು. ಚಂದ್ರಮತಿ ಬಟ್ಟಲು ಮುಟ್ಟಲಿಲ್ಲ. ಅಡಿಗೆಮನೆಗೆ ಹೋಗಿ, ತೊಳೆದು ಕವುಚಿಟ್ಟಿದ್ದ ಡಬ್ಬಿಯನ್ನು ತಂದಳು. ಎಷ್ಟು ಉಜ್ಜಿದರೂ ಹೋಗದ ಟೊಮೆಟೊ ಬಣ್ಣ ಅರ್ಧದವರೆಗೆ ಹಾಗೇ ಅಂಟಿಕೊಂಡಿತ್ತು.

ಅದೇ ಡಬ್ಬಿಗೆ ಗಂಜಿ ಬಗ್ಗಿಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು.

"ಗಡಿಬಿಡಿಯಲ್ಲಿ ಮಾಡಿದ್ದು," ಎಂದರು ರೊಸಲಿನ್ ಬಾಯಿ ಅಳುಕುತ್ತ. "ಉಪ್ಪು ಸರಿ ಉಂಟಾ?"

ಗಂಜಿಗೆ ಉಪ್ಪೇ ಬಿದ್ದಿರಲಿಲ್ಲ. ಚಂದ್ರಮತಿ ಡಬ್ಬಿಯ ಕಿತ್ತಳೆ ಅಂಚನ್ನೇ ನೋಡುತ್ತ ತುತ್ತು ನುಂಗಿದಳು.

"ಸರಿ ಉಂಟು," ಎಂದಳು.