ಧೈರ್ಯ ತುಂಬಲು ಬಂದ ಜೀಪು

ಸೂರತ್ತಿನಲ್ಲಿ ಪ್ಲೇಗ್ ಬಂದಿದೆ ಎಂದು ರೇಡಿಯೊ ಹೇಳಿದ್ದೇ ತಡ, ಆಂಧ್ರದ ಗಡಿಯ ರೊದ್ದಂ ಪಕ್ಕದ ಒಂದು ಹಳ್ಳಿಯಲ್ಲಿ ಯಾರು ಕೆಮ್ಮಿದರೂ ನರ್ಸ್ ಮುನೆಮ್ಮನಿಗೆ ಕರೆ ಬರತೊಡಗಿತು. ಬೀಡಿ ಸೇದಿ ಕೆಮ್ಮಿದವರಿಗೂ ಅವಳೇ ಹೋಗಿ ಧೈರ್ಯ ಹೇಳಬೇಕು. ಧೈರ್ಯವೇನು ಗುಳಿಗೆಯೇ, ಡಬ್ಬಿಯಿಂದ ತೆಗೆದು ಕೊಡಲು? ಹೇಳಿ ಹೇಳಿ ಅವಳಿಗೇ ನಿದ್ದೆ ಹತ್ತದಾಯಿತು, ಅನ್ನ ಸೇರದಾಯಿತು.

ಪಕ್ಕದ ಮನೆಯ ನರಸಕ್ಕ ಅವಳನ್ನು ಹಿಡಿದು ಜಗಲಿಯ ಮೇಲೆ ಕೂರಿಸಿದಳು. "ಊರ ಕಣ್ಣೆಲ್ಲ ನಿನ್ ಮ್ಯಾಲೇ ಬಿದ್ದೈತೆ ಕಣಮ್ಮ. ದಿಷ್ಟಿ ತೆಗೀತೀನಿ, ಕೂತ್ಕ."

ಹಿಡಿ ತುಂಬ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ಅವಳ ಶಾಸ್ತ್ರ. ಆದರೆ ಬೀದಿಗೆ ಬೀದಿಯೇ ಕೆಮ್ಮಿತು.

"ಹಂಗಾರೆ ದಿಷ್ಟಿ ಇಲ್ಲ ಬಿಡಕ್ಕ," ಎಂದಳು ಮುನೆಮ್ಮ, ಕೆಮ್ಮುತ್ತಲೇ.

ಅದೇ ಹೊತ್ತಿಗೆ, ಜನರಿಗೆ ಧೈರ್ಯ ತುಂಬಲು ಹೊರಟಿದ್ದ ಸಾಹೇಬರೊಬ್ಬರ ಜೀಪು ಬಂದು ನಿಂತಿತು. ಭಾಷಣದ ಹಾಳೆ ಹಿಡಿದು ಒಂದು ಕಾಲು ಕೆಳಗಿಟ್ಟ ಸಾಹೇಬರು ನೋಡಿದರೆ, ಊರೆಲ್ಲ ಬಗ್ಗಿ ಬಗ್ಗಿ ಕೆಮ್ಮುತ್ತಿದೆ, ನರ್ಸೂ ಕೆಮ್ಮುತ್ತಿದ್ದಾಳೆ. ಇಟ್ಟ ಕಾಲು ಒಳಗೆ ಹೋಯಿತು. "ರೇಯ್, ಬಂಡಿ ತಿಪ್ಪರಾ," ಎಂದು ಕರ್ಚೀಫಿನೊಳಗಿಂದಲೇ, ಗಾಡಿ ತಿರುಗಿಸಲು ಡ್ರೈವರಿಗೆ ತೆಲುಗಿನಲ್ಲಿ ಹೇಳಿದರು. ಜೀಪು ಧೂಳೆಬ್ಬಿಸಿಕೊಂಡು ಬಂದ ದಾರಿಯಲ್ಲೇ ಓಡಿತು.

ಮುನೆಮ್ಮ ನಕ್ಕಳು. ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ಮುದ್ದೆ ಐತಾ ಅಕ್ಕ?" ಎಂದು ಕೇಳಿದಳು.

ತಟ್ಟೆ ತಂದಿಟ್ಟ ನರಸಕ್ಕನ ಮುಖದಲ್ಲಿ ನಗುವೇ ಇರಲಿಲ್ಲ.

"ದಿಷ್ಟಿ ಇತ್ತು ಕಣಮ್ಮ. ಈಗ ಜೀಪ್ ಹತ್ಕಂಡು ಹೋಯ್ತು."