ನೀರಿನ ಹಳೆಯ ಅಂಚು

ಹವಾಯಿಯ ಕಾನೆಓಹೆಯಲ್ಲಿ ಉತ್ತರ, ದಕ್ಷಿಣ ಎಂದು ದಾರಿ ಹೇಳುವವರು ಹೊಸದಾಗಿ ಬಂದವರು. ಊರವರಿಗೆ ಎರಡು ದಿಕ್ಕು ಸಾಕು: ಬೆಟ್ಟದ ಕಡೆ ಮೌಕ, ಸಮುದ್ರದ ಕಡೆ ಮಕಾಯ್. ಅಂಗಡಿಗೆ ಮಕಾಯ್ ಬಾಗಿಲು ಇರುತ್ತದೆ, ಊಟದ ಮೇಜಿಗೂ ಮೌಕ ಬದಿ ಇರುತ್ತದೆ. ಎಲ್ಟನ್ ಮಿಯಾಶಿರೊ ಮಣ್ಣಿನ ಶಾಸ್ತ್ರ ಓದಿದವನು. ಸೇತುವೆಗೋ ಶಾಲೆಗೋ ಬುನಾದಿ ತೋಡುವ ಮುಂಚೆ ಅಲ್ಲಿನ ನೆಲ ಎಂಥದ್ದೆಂದು ಪರೀಕ್ಷಿಸಿ ಹೇಳುವ ಕೆಲಸದಲ್ಲಿ ಆಯುಷ್ಯ ಕಳೆದು ನಿವೃತ್ತನಾಗಿದ್ದ. ಕಚೇರಿಯ ವರದಿಗಳಲ್ಲಿ ದಿಕ್ಕನ್ನು ಡಿಗ್ರಿ ಲೆಕ್ಕದಲ್ಲಿ ಬರೆದು ಮನೆಗೆ ಬಂದು, ಕತ್ತರಿ ಎಲ್ಲಿದೆ ಎಂದು ಕೇಳಿದರೆ, "ಮಕಾಯ್ ಡ್ರಾಯರ್‌ನಲ್ಲಿ ನೋಡಿ" ಎಂದು ಹೆಂಡತಿ ಜಾಯ್ಸ್ ಅಡುಗೆಮನೆಯಿಂದಲೇ ಹೇಳುತ್ತಿದ್ದಳು.

ಜಾಯ್ಸ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ದಿಕ್ಕು ಹೇಳುವವರು ಯಾರೂ ಇರಲಿಲ್ಲ. ಕುಕ್ಕರಿನಲ್ಲಿ ಎಲ್ಲಕ್ಕಿಂತ ಕೆಳಗಿನ ಗೆರೆಯವರೆಗೆ ನೀರು ಹಾಕಿ ಅನ್ನ ಮಾಡಿದರೂ ಸಂಜೆಗೆ ಉಳಿಯುತ್ತಿತ್ತು. ಬೆಳಿಗ್ಗೆ ಎದ್ದು ಇಳಿಜಾರಿನ ಬೀದಿಗಳಲ್ಲಿ ನಡೆದು ಸಮುದ್ರದಂಡೆಯ ಉದ್ಯಾನಕ್ಕೆ ಹೋಗುವುದು, ಮಳೆ ಬಂದರೆ ನೆನೆಯುವುದು, ವಾಪಸು ಬರುವುದು. ಯಾರೊಂದಿಗೂ ಮಾತಾಡದೆ ವಾರ ಕಳೆಯಬಹುದು ಎಂದು ಅವನಿಗೆ ಆಗ ತಿಳಿಯಿತು.

ಆ ಉದ್ಯಾನದಲ್ಲಿ ಒಂದು ಬೆಳಿಗ್ಗೆ, ಬೀಳುವ ಮಳೆಯಲ್ಲಿ, ಒಬ್ಬ ಹವಾಯಿ ಮುದುಕಿ ದೀವಿಹಲಸಿನ ಮರದ ಬುಡಕ್ಕೆ ಬಾಟಲಿಯಿಂದ ನೀರು ಹಾಕುತ್ತಿದ್ದಳು.

"ಮಳೆ ಬರ್ತಾ ಇದೆಯಲ್ಲ ಆಂಟಿ," ಅಂದ ಎಲ್ಟನ್.

"ಅದು ಎಲ್ಲರಿಗೂ ಬರೋ ಮಳೆ. ಇದು ನಾನು ಕೊಡೋ ನೀರು," ಅಂದಳು ಆಕೆ, ತಿರುಗಿ ನೋಡದೆ.

ಆಕೆ ವಿನೋನಾ ಕಾಹೆಲೆ. ಬಗಲಲ್ಲಿ ಒಂದು ದೊಡ್ಡ ಕೈಚೀಲ. ಅದನ್ನು ನೆಲಕ್ಕೆ ಇಡುತ್ತಿರಲಿಲ್ಲ. ಚೀಲದೊಳಗೆ ಆಕೆಯ ಮಗ ಕಾವಿಕಾನ ಬೂದಿ ಇತ್ತು. ಓರೆಗಾನ್‌ನಲ್ಲಿ ಸತ್ತಿದ್ದ. ಬೂದಿ ಅಂಚೆಯಲ್ಲಿ ಬಂದಿತ್ತು.

ಉದ್ಯಾನದ ಮಂಡಪದ ಕೆಳಗೆ ಕೂತು ಆಕೆ ಹೇಳಿದ ಕತೆ ಇಷ್ಟು. ಹದಿನೆಂಟರ ಬಸುರಿಯಾಗಿ ಆಕೆ ಇಲ್ಲಿನ ಅತ್ತೆಯ ಮನೆಗೆ ಬಂದಿದ್ದಳು. ಗಂಡ ಹಡಗಿನಲ್ಲಿದ್ದ. ಆಗ ಈ ಬಡಾವಣೆ ಇರಲಿಲ್ಲ; ಇಲ್ಲಿದ್ದದ್ದು ಮೀನುಕೆರೆ. ಸಮುದ್ರಕ್ಕೆ ಅಡ್ಡವಾಗಿ ಹಿಂದಿನವರು ಕಲ್ಲಿನ ಏರಿ ಕಟ್ಟಿ, ತೂಬು ಇಟ್ಟು, ಮೀನು ಸಾಕುತ್ತಿದ್ದರು. ಅತ್ತೆಯ ಮನೆ ಕೆರೆಯ ಕಾವಲಿನವರ ಮನೆ. ಅಲ್ಲೇ ಹೆರಿಗೆಯಾಯಿತು. ಅತ್ತೆ ಮಾಸನ್ನು ತೊಳೆದು ಮಣ್ಣಿನಲ್ಲಿ ಹೂತಳು. ಮಾಸು ಇರುವ ನೆಲವೇ ಮಗುವಿನ ನೆಲ. ಅದನ್ನು ಮರೆತರೆ ಮಗು ಊರೂರು ಅಲೆಯುತ್ತದೆ.

"ನಾನು ಬಾಣಂತಿ, ಒಳಗೆ ಮಲಗಿದ್ದೆ. ಕಣ್ಣಾರೆ ನೋಡ್ಲಿಲ್ಲ. ಅತ್ತೆ ಬಂದು ಕಿವೀಲಿ ಹೇಳಿದ್ರು: ಮನೆಯ ಮಕಾಯ್ ಕಡೆ, ನೀರು ಮುಟ್ಟೋ ಅಂಚಲ್ಲಿ, ಕಲ್ಲಿನ ಪಕ್ಕ. ಕಂದನ್ನ ಎತ್ಕೊಂಡು ಹೊನೊಲುಲುಗೆ ಹೋದೆ, ಅನಾನಸು ಡಬ್ಬಿ ತುಂಬೋ ಕೆಲಸಕ್ಕೆ. ಬೆಟ್ಟದಲ್ಲಿ ಸುರಂಗ ಕೊರೆದ್ರು, ಈ ಕಡೆ ಜನ ಬಂದ್ರು, ಕೆರೆ ಮುಚ್ಚಿ ಮನೆ ಕಟ್ಟಿದ್ರು. ತಿರುಗಿ ಬಂದಾಗ ಅತ್ತೇನೂ ಇಲ್ಲ, ಮನೇನೂ ಇಲ್ಲ. ನೀರು ಇದ್ದದ್ದು ಇಲ್ಲಿ, ಕಲ್ಲು ಇದ್ದದ್ದು ಇಲ್ಲಿ. ಮಾಸು ಹೂತ ಕಡೆ ಸಸಿ ನೆಡೋದು ರೂಢಿ, ಇಲ್ಲಿ ಮರಾನೂ ಇತ್ತು. ಇದೇ ಅಂದ್ಕೊಂಡೆ."

ಕಾವಿಕಾ ಅಲಾಸ್ಕಾದ ಮೀನುದೋಣಿ, ಅಲ್ಲಿಂದ ಮರ ಕಡಿಯುವ ಶಿಬಿರ, ಅಲ್ಲಿಂದ ಇನ್ನೆಲ್ಲೋ ಎಂದು ಅಲೆದ. ಅವನನ್ನು ಮಾಸು ಹೂತ ಆ ಜಾಗದಲ್ಲಿ ಮಲಗಿಸಿಬಿಟ್ಟರೆ ಆಕೆಯ ಕೆಲಸ ಮುಗಿಯಿತು. ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಮಾರಿದ್ದರು; ಇಷ್ಟರಲ್ಲೇ ಬಿಡಬೇಕಿತ್ತು. ಲಾಸ್ ವೇಗಸ್‌ನಲ್ಲಿ ತಂಗಿಯ ಮಗಳು ಶರೀನ್ ಕೋಣೆ ಸಿದ್ಧ ಮಾಡಿ ದಿನವೂ ಫೋನ್ ಮಾಡುತ್ತಿದ್ದಳು. ಊರಿನ ಅರ್ಧ ಜನ ಈಗ ಅಲ್ಲೇ ಇದ್ದಾರೆ.

ಎಲ್ಟನ್ ಮರದ ಸುತ್ತ ಒಂದು ಸುತ್ತು ಬಂದ. ಹೇಳಬಾರದೆಂದುಕೊಂಡು ಹೇಳಿದ: "ಈ ಮರಕ್ಕೆ ಮೂವತ್ತು ವರ್ಷ ಆಗಿರಬಹುದು ಆಂಟಿ. ನಿಮ್ಮ ಮಗನಿಗೆ?"

"ಐವತ್ತು ತುಂಬಿತ್ತು." ಆಕೆ ಖಾಲಿ ಬಾಟಲಿಯ ಮುಚ್ಚಳ ಹಾಕಿದಳು. "ಅಂದ್ರೆ ಇಷ್ಟು ದಿನ ಯಾರದೋ ಮರಕ್ಕೆ ನೀರು ಹಾಕಿದೀನಿ."

"ಮರಕ್ಕೇನೂ ಬೇಜಾರಿಲ್ಲ."

ಮಾರನೆಯ ದಿನ ಅವನು ಮಣ್ಣು ಕೊರೆಯುವ ಹಳೆಯ ಬೈರಿಗೆಯನ್ನು ಟ್ರಕ್ಕಿನಲ್ಲಿ ಹಾಕಿಕೊಂಡು ಬಂದ. ಉದ್ಯಾನದವರ ಒಪ್ಪಿಗೆ ಪಡೆದು ಮರದ ಪಕ್ಕದಲ್ಲಿ ತಿರುಗಿಸಿದ. ಮೊದಲು ಬಿಳಿಯ ಹವಳದ ಪುಡಿ, ಕೊಲ್ಲಿಯ ತಳದಿಂದ ಕೆರೆದು ತಂದು ಸುರಿದದ್ದು. ಅದರ ಕೆಳಗೆ ಕಪ್ಪು ಕೆಸರು. ಬೈರಿಗೆಯ ಕೋಲು ಪೂರ್ತಿ ಇಳಿದರೂ ಕೆಸರು ಮುಗಿಯಲಿಲ್ಲ.

"ಇಲ್ಲಿ ಮನೆ ಇರಲಿಲ್ಲ ಆಂಟಿ. ನಡು ಕೆರೆ ಇದು. ಇಲ್ಲಿ ಹೆತ್ತಿದ್ರೆ ನಿಮ್ಮ ಮಗ ಈಜ್ತಾನೇ ಹುಟ್ಟಬೇಕಿತ್ತು."

ಆಕೆ ನಕ್ಕಳು. ನಗು ನಿಂತ ಮೇಲೆ ಕೇಳಿದಳು: "ಹಾಗಾದ್ರೆ ಅತ್ತೆ ಸುಳ್ಳು ಹೇಳಿದ್ರಾ?"

"ಇಲ್ಲ. ಅವರು ಹೇಳಿದ ನೀರು ಸಮುದ್ರ ಅಲ್ಲ, ಕೆರೆ. ಮನೆ ಕೆರೆಯ ಮೌಕ ದಡದಲ್ಲಿ ಇತ್ತು ಅಂದ್ಕೊಳ್ಳಿ. ಆಗಲೂ ಮಕಾಯ್ ಬಾಗಿಲು ತೆಗೆದ್ರೆ ಎದುರಿಗೆ ನೀರೇ. ಕೆರೆ ಮುಚ್ಚಿಹೋಯ್ತು. ಆಮೇಲೆ ಮಕಾಯ್ ಅಂತ ಹುಡುಕಿದವರಿಗೆ ಉಳಿದಿದ್ದು ಸಮುದ್ರ ಒಂದೇ. ನೀವು ಅಲ್ಲಿಂದ ಅಳೆದ್ರಿ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ."

ಆಕೆ ಸಮುದ್ರದ ಕಡೆಗೆ ಬೆನ್ನು ಮಾಡಿ ನಿಂತಳು. ಮೇಲೆ ಬೆಟ್ಟದ ಗೋಡೆಯವರೆಗೆ ಬೀದಿಯ ಮೇಲೆ ಬೀದಿ, ಒಂದೇ ಅಚ್ಚಿನ ತಗ್ಗು ಛಾವಣಿಗಳು, ನಡುನಡುವೆ ಪಪ್ಪಾಯಿ ಗಿಡ, ಒಣಹಾಕಿದ ಬಟ್ಟೆ.

"ಇದರಲ್ಲಿ ಎಲ್ಲಿ?" ಅಂದಳು.

ಹಳೆಯ ನೀರಿನ ಅಂಚನ್ನು ಹುಡುಕುವುದು ಎಲ್ಟನ್‌ಗೆ ಕಷ್ಟವೇನಲ್ಲ, ಆದರೆ ನಿಧಾನದ ಕೆಲಸ. ಹವಳದ ಕೆಳಗೆ ಕಪ್ಪು ಕೆಸರು ಸಿಕ್ಕರೆ ಅದು ಕೆರೆ. ನೇರವಾಗಿ ಬೆಟ್ಟದ ಕೆಂಪು ಮಣ್ಣು ಸಿಕ್ಕರೆ ಅದು ದಡ. ಕೆಸರು ತೆಳುವಾಗಿ ಕೆಂಪಿಗೆ ತಾಗುವಲ್ಲಿ ಅಂಚು. ಹಾಗೆ ಒಂದೊಂದೇ ಅಂಗಳದಲ್ಲಿ, ಕೇಳಿಕೊಂಡು, ಹುಲ್ಲಿನ ಹೆಂಟೆ ಕತ್ತರಿಸಿ ಬದಿಗಿಟ್ಟು, ಕೊರೆದು, ಮತ್ತೆ ಮುಚ್ಚಿ ಅವರಿಬ್ಬರೂ ಮೌಕದ ಕಡೆಗೆ ಸಾಗಿದರು. ಆಕೆ ಮಡಿಚುವ ಕುರ್ಚಿಯಲ್ಲಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಏನು ಎಲ್ಟನ್, ಚಿನ್ನ ಹುಡುಕ್ತಿದೀಯಾ? ಸಿಕ್ಕಿದ್ರೆ ಅರ್ಧ ನಂದು," ಅಂದ ಮೂಲೆಮನೆಯ ರುಫಿನೊ, ಬೇಲಿಯಾಚೆಯಿಂದ.

"ಕೆಸರು ಸಿಕ್ಕಿದ್ರೆ?"

"ಪೂರ್ತಿ ನಿಂದು."

"ಈತ ಹೆಂಡತಿಗೂ ಹೀಗೇ ಪಾಲು ಮಾಡ್ತಾನಾ?" ಎಂದು ವಿನೋನಾ ಕೇಳಿದ್ದಕ್ಕೆ ರುಫಿನೊನ ಹೆಂಡತಿ ಕಿಟಕಿಯಿಂದಲೇ "ಹೌದು ಆಂಟಿ, ಪಾತ್ರೆ ಪೂರ್ತಿ ನಂದು" ಅಂದಳು.

ಮಧ್ಯಾಹ್ನ ಟ್ರಕ್ಕಿನ ಹಿಂಬಾಗಿಲು ಇಳಿಸಿ ಅದರ ಮೇಲೆ ಊಟ. ಆಕೆ ಕೆಸುವಿನ ಗೆಡ್ಡೆ ಜಜ್ಜಿ ಮಾಡಿದ ಪೊಯ್ ಮತ್ತು ಒಣಮೀನು ತರುತ್ತಿದ್ದಳು. ಅವನು ಡಬ್ಬದ ಮಾಂಸವಿಟ್ಟು ಕಡಲಪಾಚಿ ಸುತ್ತಿದ ಅನ್ನದ ತುಂಡುಗಳನ್ನು. ಆಕೆ ಅವನ ಅಡುಗೆಯನ್ನು ಹೊಗಳಲಿಲ್ಲ. "ಉಪ್ಪಿಗೆ ಬರಗಾಲವಾ ನಿಮ್ಮನೇಲಿ?" ಅಂದಳು. ಮಾರನೆಯ ದಿನ ಅವನು ಉಪ್ಪು ಹಾಕಿದ. ಕುಕ್ಕರಿನಲ್ಲಿ ನೀರು ಮೇಲಿನ ಗೆರೆಗೆ ಏರಿತ್ತು. ಸಂಜೆ ಬೈರಿಗೆ ತೊಳೆಯುವಾಗ ಅವನಿಗೆ ನಾಳೆ ಏನು ತಿನ್ನುವುದೆಂಬ ಯೋಚನೆ ಬರುತ್ತಿತ್ತು. ಜಾಗ ಸಿಕ್ಕ ದಿನ ಶರೀನ್ ಟಿಕೆಟ್ ಕೊಳ್ಳುತ್ತಾಳೆ ಎಂಬುದೂ ಅದರ ಹಿಂದೆಯೇ ಬರುತ್ತಿತ್ತು.

ಅಂಚಿನ ಗೆರೆ ಮೂರು ಬೀದಿಗಳನ್ನು ಹಾದು ಬಾಗುತ್ತ ಹೋಗಿತ್ತು. ಆ ಗೆರೆಯಲ್ಲಿ ಮನೆ ಎಲ್ಲಿತ್ತು ಎನ್ನುವುದಕ್ಕೆ ಮಣ್ಣು ಉತ್ತರ ಕೊಡಲಿಲ್ಲ. ಒಂದು ದಿನ ಊಟ ಮಾಡುತ್ತ ಆಕೆ ತಾನಾಗಿ ಹೇಳಿದಳು:

"ಮಗುವಿನ ಬಟ್ಟೆ ಒಗೀತಿದ್ದೆ ಅಲ್ಲಿ. ಕೈ ಮರಗಟ್ಟೋಷ್ಟು ತಣ್ಣಗಿತ್ತು ನೀರು. ಕೆರೆಯ ಬೇರೆ ಕಡೆ ಬೆಚ್ಚಗೆ, ಉಪ್ಪುಪ್ಪು. ನಮ್ಮ ಬಾಗಿಲಲ್ಲಿ ಮಾತ್ರ ಕುಡಿಯೋ ಹಾಗಿತ್ತು."

ಎಲ್ಟನ್ ಅಗಿಯುವುದನ್ನು ನಿಲ್ಲಿಸಿದ. ತಣ್ಣನೆಯ ಸಿಹಿನೀರು ಅಂದರೆ ಬೆಟ್ಟದೊಳಗಿನ ನೀರು ದಡದಲ್ಲಿ ಮೇಲೇಳುವ ಬುಗ್ಗೆ. ಬುಗ್ಗೆಯ ಮೇಲೆ ಮಣ್ಣು ಸುರಿಯಬಹುದು, ನಿಲ್ಲಿಸಲು ಬರುವುದಿಲ್ಲ. ಹಾಗೆ ಸದಾ ಒದ್ದೆಯಾಗಿರುವ ನೆಲ ಆ ಗೆರೆಯ ಮೇಲೆ ಅವನಿಗೆ ಗೊತ್ತಿದ್ದದ್ದು ಒಂದೇ: ಅವನದೇ ಮನೆಯ ಕಾರ್ ಶೆಡ್. ಅಲ್ಲಿನ ಕಾಂಕ್ರೀಟಿನ ಬಿರುಕು ಬೇಸಗೆಯಲ್ಲೂ ಆರುತ್ತಿರಲಿಲ್ಲ. ನಲ್ಲಿಯ ಪೈಪು ಒಡೆದಿದೆ ಎಂದು ಜಾಯ್ಸ್ ಇದ್ದಾಗ ಎರಡು ಸಲ ರಿಪೇರಿಯವರನ್ನು ಕರೆಸಿದ್ದ. ಪೈಪು ಸರಿಯಾಗಿಯೇ ಇತ್ತು.

ಆಕೆಯನ್ನು ಮನೆಗೆ ಬಿಟ್ಟು ಬಂದು ಅವನು ಶೆಡ್ಡಿನ ಅಂಚಿನಲ್ಲಿ ಕೊರೆದ. ಹವಳ ಒಂದು ಗೇಣು. ಕೆಸರು ನಾಲ್ಕು ಬೆರಳು. ಆಮೇಲೆ ಕೆಂಪು ಮಣ್ಣು. ಪಕ್ಕದಲ್ಲಿ ಕೊರೆದರೆ ಕಲ್ಲು ತಾಗಿತು, ಅದರ ಪಕ್ಕ ಇನ್ನೊಂದು ಕಲ್ಲು, ಒಂದೇ ಮಟ್ಟದಲ್ಲಿ. ಕೈಯಿಂದ ಇಟ್ಟ ಕಲ್ಲುಗಳು. ಕೊರೆದ ತೂತಿನಲ್ಲಿ ನೀರು ಏರಿ ಬಂತು. ಬೆರಳು ಅದ್ದಿದ. ಕೈ ಮರಗಟ್ಟುವಷ್ಟೇ ತಣ್ಣಗಿತ್ತು. ನಾಲಿಗೆಗೆ ಹಚ್ಚಿಕೊಂಡ. ಉಪ್ಪಿರಲಿಲ್ಲ.

ಮಾರನೆಯ ದಿನ ಅವನು ಆಕೆಗೆ, "ಇನ್ನೂ ಒಂದೆರಡು ಕಡೆ ನೋಡಬೇಕು," ಅಂದ. ಅದು ಸುಳ್ಳಲ್ಲ, ಯಾವ ವರದಿಯಲ್ಲೂ ಒಂದೇ ಕಡೆಯ ತೂತಿನ ಮೇಲೆ ತೀರ್ಮಾನ ಬರೆದವನಲ್ಲ ಅವನು. ಹಾಗಾಗಿ ಕೆಳಬೀದಿಯ ಎರಡು ಅಂಗಳ ಕೊರೆದ. ಅದರಾಚೆಯ ಒಂದನ್ನೂ ಕೊರೆದ. ಪ್ರತಿ ತೂತಿನಲ್ಲೂ ಬರುವುದು ಏನೆಂದು ಅವನಿಗೆ ಮೊದಲೇ ಗೊತ್ತಿತ್ತು. ಊಟ ಎಂದಿನಂತೆ ನಡೆಯಿತು. ಒಂದು ವಾರ ಹೋಯಿತು.

ವಾರದ ಕೊನೆಗೆ ಜೋರು ಮಳೆ. ಅವನು ಬೈರಿಗೆಯನ್ನು ಟ್ರಕ್ಕಿಗೆ ಎತ್ತಿಟ್ಟು ಬರುವಾಗ ಆಕೆ ಮುಂದಿನ ಸೀಟಿನಲ್ಲಿ ಕೂತು ಚೀಲದೊಂದಿಗೆ ಮಾತಾಡುತ್ತಿದ್ದಳು. ಕಿಟಕಿ ಅರ್ಧ ತೆರೆದಿತ್ತು.

"ಇನ್ನೊಂಚೂರು ತಡ್ಕೋ ಮಗನೇ. ನೀನು ಐವತ್ತು ವರ್ಷ ಅಲೆದವನು, ನಿನಗೇನೂ ಹೊಸದಲ್ಲ. ಈ ಮನುಷ್ಯನಿಗೆ ಅವಸರ ಇಲ್ಲ, ಒಂಟಿ ಜೀವ, ಪಾಪ. ಮುಗಿದ ಮೇಲೆ ಎಲ್ಲಿಗೆ ಹೋಗ್ತಾನೆ ಹೇಳು."

ಎಲ್ಟನ್ ಮಳೆಯಲ್ಲಿ ನಿಂತ. ಆಮೇಲೆ ಹತ್ತಿ ಕೂತು ಗಾಡಿ ಶುರು ಮಾಡಿದ. ಆಕೆಯ ಮನೆಯ ಕಡೆಗೆ ತಿರುಗಿಸಲಿಲ್ಲ. ತನ್ನ ಮನೆಯ ಮುಂದೆ ನಿಲ್ಲಿಸಿದ.

"ಇಲ್ಲೇ ಆಂಟಿ. ಆ ಶೆಡ್ಡಿನ ಕೆಳಗೆ."

ವೈಪರ್ ಆಡುತ್ತಿತ್ತು. ಆಕೆ ಶೆಡ್ಡನ್ನು, ಅದರ ಒದ್ದೆ ನೆಲವನ್ನು, ಗೋಡೆಗೆ ಒರಗಿಸಿದ ಪೊರಕೆಯನ್ನು ನೋಡಿದಳು.

"ಯಾವಾಗಿಂದ ಗೊತ್ತು?"

"ವಾರ ಆಯ್ತು."

"ಒಣಮೀನು ಅಷ್ಟು ರುಚಿಯಾಗಿತ್ತಾ?"

ಅವನು ಗಾಡಿ ಬಂದ್ ಮಾಡಿದ. ಆಕೆ ಬಗ್ಗಿ ಚೀಲದ ಪಟ್ಟಿ ಭುಜಕ್ಕೆ ಏರಿಸಿಕೊಂಡಳು. "ಕೋಪ ಇಲ್ಲ," ಅಂದಳು. "ನಂಗೂ ಹುಡುಕ್ತಾ ಇದ್ದಾಗ ಒಂಥರಾ ಇತ್ತು. ಮುಗೀಲಿ ಅಂತ್ಲೂ ಇತ್ತು, ಬೇಡ ಅಂತ್ಲೂ ಇತ್ತು. ಆದ್ರೆ ಇವನು ಕಾಯ್ತಾ ಇದಾನೆ."

ಕಾಂಕ್ರೀಟ್ ಒಡೆಯುವ ಯಂತ್ರವನ್ನು ಎಲ್ಟನ್ ಬಾಡಿಗೆಗೆ ತಂದ. ಒಡೆಯಲು ಒಂದು ಬೆಳಿಗ್ಗೆ ಹಿಡಿಯಿತು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ, ಬಿಳಿ ಹವಳದ ಕೆಳಗೆ, ಕಲ್ಲಿನ ಸಾಲು ಬೆಳಕಿಗೆ ಬಂತು. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೆಂಪು. ಆಕೆ ಚಪ್ಪಲಿ ಬಿಟ್ಟು ಗುಂಡಿಗೆ ಇಳಿದಳು.

"ಕಲ್ಲಿನ ಯಾವ ಪಕ್ಕ ಅಂತ ನಾನು ಹೇಳಲಾರೆ ಆಂಟಿ," ಅಂದ ಎಲ್ಟನ್. "ಮನೆಯ ಅಗಲ ಗೊತ್ತಿಲ್ಲ. ಅಂದಾಜು ಅಷ್ಟೇ. ನೂರಕ್ಕೆ ನೂರು ಅನ್ನೋಕೆ..."

"ಸುಮ್ನಿರಪ್ಪ," ಅಂದಳು ಆಕೆ. "ನಿಂತ್ಕೊಂಡಿದೀನಲ್ಲ."

ಆಕೆ ಕೆಂಪು ಮಣ್ಣನ್ನು ಕೈಯಿಂದಲೇ ತೋಡಿದಳು. ಬೂದಿ ಸುರಿದಳು. ಹವಾಯಿ ಭಾಷೆಯಲ್ಲಿ ಏನೋ ಹೇಳಿದಳು. ಹಾಡಿನಂತೆ ಶುರುವಾಗಿ ಮಾತಿನಂತೆ ಮುಗಿಯಿತು. ಎಲ್ಟನ್‌ಗೆ ಆ ಭಾಷೆ ಬರುತ್ತಿರಲಿಲ್ಲ. ಅವನು ಸಲಿಕೆ ಹಿಡಿದು ಶೆಡ್ಡಿನ ಕಂಬದ ಪಕ್ಕ ನಿಂತಿದ್ದ. ಮಣ್ಣು ಮುಚ್ಚಿದ ಮೇಲೆ ಆಕೆ ಅವನ ಕೈ ಹಿಡಿದು ಮೇಲೆ ಬಂದಳು. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಾಗ ಆಕೆ ಮುಂಚಿಗಿಂತ ಗಿಡ್ಡ ಕಂಡಳು.

"ಈ ಹಾಳು ಗುಂಡಿ ಏನು ಮಾಡ್ತೀಯ?"

"ಇಟ್ಕೊಳ್ತೀನಿ."

"ಸೊಳ್ಳೆ ಬರುತ್ತೆ."

"ಬರಲಿ."

ಆಕೆ ಹೋದ ಮೇಲೆ ಒಂದು ಸಲ ಲಾಸ್ ವೇಗಸ್‌ನಿಂದ ಫೋನ್ ಬಂತು. ಅಲ್ಲಿ ಸೆಖೆ, ಮೀನು ಸಪ್ಪೆ, ಶರೀನ್ ಒಳ್ಳೆಯವಳು ಆದರೆ ಹಗಲೆಲ್ಲ ಕೆಲಸಕ್ಕೆ ಹೋಗುತ್ತಾಳೆ ಎಂದಳು. ಆಮೇಲೆ ಆಕೆ, "ಒದ್ದೆ ಇದೆಯಾ?" ಎಂದು ಕೇಳಿದಳು. "ಇದೆ," ಅಂದ ಅವನು. ಮುಂದಿನ ತಿಂಗಳು ಅವನೇ ಫೋನ್ ಮಾಡಿದ. ಶರೀನ್ ತೆಗೆದುಕೊಂಡಳು, ಆಂಟಿ ಮಲಗಿದ್ದಾರೆ ಅಂದಳು.

ಮಳೆಗಾಲದಲ್ಲಿ ಗುಂಡಿಯ ಕಪ್ಪು ಬದಿಯಲ್ಲಿ ನೀರು ನಿಂತು ಹೆಚ್ಚಾದದ್ದು ಬೀದಿಯ ಚರಂಡಿಗೆ ಹರಿಯತೊಡಗಿತು. ಎಲ್ಟನ್ ದಿನಾ ಬೆಳಿಗ್ಗೆ ಅಲ್ಲಿ ಬಿದ್ದ ಎಲೆಗಳನ್ನು ತೆಗೆಯುತ್ತಿದ್ದ. ಒಮ್ಮೆ ರುಫಿನೊ ನಾಯಿ ಹಿಡಿದುಕೊಂಡು ಹೋಗುತ್ತ ನಿಂತ.

"ಅಲ್ಲ ಮಾರಾಯ, ಹೊಸ ಕಾಂಕ್ರೀಟ್ ಹಾಕ್ಸೋದಿಲ್ವಾ? ಶೆಡ್ಡು ಇಟ್ಕೊಂಡು ಕಾರು ರಸ್ತೇಲಿ ನೆನೀತಿದೆ."

"ನೆನೀಲಿ ಬಿಡು," ಅಂದ ಎಲ್ಟನ್. "ಒಳಗೆ ಒಬ್ಬರು ಇದ್ದಾರೆ."

ರುಫಿನೊ ಶೆಡ್ಡಿನೊಳಗೆ ಬಗ್ಗಿ ನೋಡಿದ. ನಾಯಿ ನೀರು ಕುಡಿಯಲು ಎಳೆಯುತ್ತಿತ್ತು; ಅವನು ಹಗ್ಗವನ್ನು ಸ್ವಲ್ಪ ಸಡಿಲಬಿಟ್ಟ.